ಆಯಿಯ ಮಂಡಿ ಆಪರೇಷನ್: ನೋವಿಗೆ ಕಿವಿಗೆ ಹಾಕುವ ಕರೆಂಟ್ ಯಂತ್ರ ನಂಬಬಹುದಾ?

ಶಿರಸಿ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಸ್ವಲ್ಪ ಒಳಗೆ. ಆಯಿಗೆ (ಅಮ್ಮನಿಗೆ) ಈಗ 67. ಬರುವ ತಿಂಗಳು ಮಂಗಳೂರಿನಲ್ಲಿ ಎಡಗಾಲಿನ ಮಂಡಿ ಬದಲಿಸುವ ಆಪರೇಷನ್ ಇದೆ. ನಲವತ್ತು ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಕಾಲು. ಈಗ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತುವುದಕ್ಕೂ ಕಂಬ ಹಿಡಿಯಬೇಕು.

ಆಪರೇಷನ್ನಿಗೆ ಆಯಿ ಹೆದರಿಲ್ಲ. ಅವಳು ಹೆದರಿರುವುದು ಆಮೇಲಿನ ರಾತ್ರಿಗೆ.

ಮೂರು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಎಲ್ಲಿ ಅಂತ ಹೇಳುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಯ್ತು. ಆ ರಾತ್ರಿ ನೋವಿಗೆ ಟ್ರಮಡಾಲ್ ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿನಲ್ಲಿ ವಾಂತಿ ಶುರುವಾಯಿತು. ಬೆಳಗಾಗುವುದರೊಳಗೆ ಹನ್ನೊಂದು ಸಲ. ನಾನೇ ಪಾತ್ರೆ ಹಿಡಿದವಳು, ನಾನೇ ಎಣಿಸಿದವಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಸಿರು ನೀರು. ಹೊಲಿಗೆ ಎಳೆಯುತ್ತದೆ ಅಂತ ಆಯಿ ಪ್ರತಿ ಸಲವೂ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಡ್ಯೂಟಿಯಲ್ಲಿದ್ದವರನ್ನು ಕೇಳಿದರೆ "ಆಪರೇಷನ್ ಆದವರಿಗೆ ಇದೆಲ್ಲ ಇದ್ದಿದ್ದೇ" ಎಂದರು. ಮುಂದಿನ ಡೋಸ್ ಬೇಡ ಅಂದೆವು. ಆಗ ನೋವು ತಡೆಯಲಾಗಲಿಲ್ಲ. ಆಮೇಲೆ ಐದು ದಿನ ಹೊಟ್ಟೆ ಕಟ್ಟಿತು.

ಈಗ ದಿನಾ ಒಂದೇ ಮಾತು: "ಕಾಲು ನೋವಾದ್ರೆ ತಡ್ಕತ್ತಿ, ಆ ವಾಂತಿ ಮಾತ್ರ ಬ್ಯಾಡ ಕೂಸೇ."

ಬೆಂಗಳೂರಿನಲ್ಲಿರುವ ನಮ್ಮ ಭಾವ ಒಂದು ವಿಡಿಯೋ ಕಳಿಸಿದ. ಕಿವಿಯ ಹಿಂದೆ ಸಣ್ಣ ಯಂತ್ರ ಅಂಟಿಸುತ್ತಾರೆ. ಅದರಿಂದ ವೈರು ಬಂದು ಕಿವಿಗೆ ಸೂಜಿ ಚುಚ್ಚಿರುತ್ತದೆ. ಐದು ದಿನ ಸಣ್ಣಗೆ ಕರೆಂಟ್ ಹರಿಯುತ್ತದೆ, ನೋವಿನ ಇಂಜೆಕ್ಷನ್ ಕಡಿಮೆ ಸಾಕಾಗುತ್ತದೆ ಅಂತ. ಆನ್‌ಲೈನಿನಲ್ಲಿ ಹುಡುಕಿದರೆ ಕಿವಿಗೆ ಸಿಕ್ಕಿಸುವ ಕ್ಲಿಪ್ಪಿನ ಯಂತ್ರವೂ ಸಿಗುತ್ತದೆ. ಕಿವಿಗೆ ಕಾಳು ಅಂಟಿಸಿ ಒತ್ತಿಕೊಳ್ಳಿ ಎನ್ನುವವರೂ ಇದ್ದಾರೆ.

ಇದು ನಿಜವಾದ ವೈದ್ಯವಾ? ಆಯಿಗೆ ಎಂಟು ವರ್ಷದಿಂದ ಶುಗರ್ ಇದೆ. ಇನ್ನೊಂದು ಮಾತು, ದಪ್ಪ ಓಲೆ ಹಾಕಿ ಹಾಕಿ ಅವಳ ಕಿವಿಯ ತೂತು ಜೋತುಬಿದ್ದಿದೆ, ಮೇಲ್ಗಡೆ ಹಳೇ ಬುಗುಡಿಯ ತೂತೂ ಇದೆ. ಅಂಥ ಕಿವಿಗೆ ಇದೆಲ್ಲ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾರವಾರದ ಓಟಿ ಸಿಸ್ಟರ್:

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆ ದಿಂಬಿನ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು 31 ವರ್ಷ ಆಪರೇಷನ್ ಥಿಯೇಟರ್ ಮತ್ತು ರಿಕವರಿ ರೂಮಿನಲ್ಲಿ ಇದ್ದವಳು. ಈಗ ನಿವೃತ್ತಿಯಾಗಿ ಕಾರವಾರದಲ್ಲಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಆಪರೇಷನ್ ಮುಗಿಸಿ ಹೊರಗೆ ಬಂದವರ ಮೊದಲ ಎರಡು ತಾಸನ್ನು ಸಾವಿರಾರು ಸಲ ಹತ್ತಿರದಿಂದ ನೋಡಿದ್ದೇನೆ.

ಮೊದಲು ಕಿವಿಯ ವಿಷಯ. ಇದು ಪೂರ್ತಿ ಸುಳ್ಳಲ್ಲ. ನಿಮ್ಮ ತೋರುಬೆರಳನ್ನು ಕಿವಿಗೆ ಇಡಿ. ತೂತಿನೊಳಗೆ ಬೇಡ, ಅದರ ಹಿಂದೆ ಬಟ್ಟಲಿನ ಹಾಗೆ ಒಂದು ಗುಳಿ ಇದೆಯಲ್ಲ, ಅಲ್ಲಿ. ಆ ಜಾಗಕ್ಕೆ ಬರುವುದು ವೇಗಸ್ ನರದ ಒಂದು ಸಣ್ಣ ಕೊಂಬೆ. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ವೇಗಸ್ ಹತ್ತನೆಯದು. ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆ, ಎಲ್ಲ ಕಡೆಗೂ ಇಳಿದುಹೋಗುತ್ತದೆ. ಆದರೆ ಚರ್ಮದವರೆಗೆ ಬರುವುದು ಕಿವಿಯ ಹತ್ತಿರ ಮಾತ್ರ. 19ನೇ ಶತಮಾನದ ಜರ್ಮನಿಯ ಫ್ರೀಡ್ರಿಖ್ ಅರ್ನಾಲ್ಡ್ ಹೆಸರಿನಲ್ಲಿ ಅದನ್ನು ಅರ್ನಾಲ್ಡ್ ನರ ಅಂತಲೇ ಕರೆಯುತ್ತಾರೆ. ಗುಗ್ಗೆ ತೆಗೆಯಲು ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಥಟ್ಟನೆ ಕೆಮ್ಮು ಬರುತ್ತದೆ, ಗಮನಿಸಿದ್ದೀರಾ? ಮುಟ್ಟಿದ್ದು ಕಿವಿಗೆ, ಕೆಮ್ಮಿದ್ದು ಗಂಟಲು. ಅದೇ ನರದ ಕೆಲಸ.

ಆಯಿಯ ಓಲೆ ಇರುವ ಹಾಲೆ ಈ ನರದ್ದಲ್ಲ. ಅಲ್ಲಿಗೆ ಕುತ್ತಿಗೆಯಿಂದ ಮೇಲೆ ಬರುವ ಬೇರೆ ನರ ಬರುತ್ತದೆ. ಹಾಗಾಗಿ ಜೋತುಬಿದ್ದ ತೂತಿನ ಬಗ್ಗೆ ಚಿಂತೆ ಬೇಡ.

ಆ ಗುಳಿಯಲ್ಲಿ ಸಣ್ಣ ಕರೆಂಟ್ ಕೊಟ್ಟರೆ ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ನೋವನ್ನು ತಗ್ಗಿಸುವ ದಾರಿಗಳು ಅಲ್ಲಿಂದ ಕೆಳಗೆ ಇಳಿಯುತ್ತವೆ. ಕರೆಂಟ್ ಆ ದಾರಿಗಳನ್ನು ಎಬ್ಬಿಸುತ್ತದೆ ಅನ್ನುವುದು ಸಂಶೋಧಕರ ವಿವರಣೆ. ಫಿಸಿಯೋಥೆರಪಿಯವರು ನೋವಿರುವ ಜಾಗಕ್ಕೇ ಪ್ಯಾಡ್ ಅಂಟಿಸಿ ಕರೆಂಟ್ ಕೊಡುತ್ತಾರಲ್ಲ, ಆ ಟೆನ್ಸ್ ಬೇರೆ. ಅದು ಪೆಟ್ಟಾದ ಕಾಲನ್ನು ನಾವು ಕೈಯಿಂದ ಉಜ್ಜಿಕೊಂಡ ಹಾಗೆ.

ಕಿವಿಗೂ ನೋವಿಗೂ ನಂಟು ಹಾಕಿದ್ದು ಹೊಸದೇನಲ್ಲ. ಫ್ರಾನ್ಸಿನ ಲಿಯಾನ್ ಊರಿನ ಡಾಕ್ಟರ್ ಪಾಲ್ ನೋಜಿಯೇ 1950ರ ದಶಕದಲ್ಲಿ ಒಂದು ವಿಚಿತ್ರ ಗಮನಿಸಿದರು. ಸೊಂಟದಿಂದ ಕಾಲಿಗೆ ಇಳಿಯುವ ನೋವು ಇದ್ದ ಕೆಲವರ ಕಿವಿಯ ಮೇಲೆ ಸಣ್ಣ ಸುಟ್ಟ ಗಾಯದ ಕಲೆ ಇತ್ತು. ನಾಟಿ ಮದ್ದು ಕೊಡುವ ಒಬ್ಬ ಹೆಂಗಸು ಅಲ್ಲಿ ಸುಟ್ಟಿದ್ದಳು, ನೋವು ಹೋಯಿತು ಅಂತ ಅವರು ಹೇಳಿದರು. ನಮ್ಮ ಕಡೆ ಕಾಮಾಲೆಗೆ ಬರೆ ಹಾಕುವ ಹಾಗೆಯೇ ಅಲ್ವಾ? (ಬರೆಯನ್ನು ನಾನು ಒಪ್ಪುತ್ತೇನೆ ಅಂತ ತಿಳಿಯಬೇಡಿ. ಬರೆ ಹಾಕಿಸಿಕೊಂಡು ತಡವಾಗಿ ಬಂದ ಮಕ್ಕಳನ್ನು ನೋಡಿದ್ದೇನೆ.) ನೋಜಿಯೇ ಅಲ್ಲಿಂದ ಶುರುಮಾಡಿ ಇಡೀ ಕಿವಿಗೆ ನಕಾಶೆ ಬರೆದರು. ಗರ್ಭದಲ್ಲಿ ತಲೆಕೆಳಗಾಗಿ ಮಲಗಿದ ಕೂಸಿನ ಆಕಾರ ಅಂತ. ಕಾಳು ಅಂಟಿಸುವವರು ನೋಡುವುದು ಇಂಥ ನಕಾಶೆಯನ್ನೇ. ನರದ ವಿಷಯ ಗಟ್ಟಿ. ಆ ನಕಾಶೆ ಅಷ್ಟು ಗಟ್ಟಿಯಲ್ಲ.

ನಿಮ್ಮ ಭಾವ ಕಳಿಸಿದ ತರಹದ ಯಂತ್ರಕ್ಕೆ ಅಮೆರಿಕದಲ್ಲಿ ಮದ್ದು, ಯಂತ್ರಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಯಾವುದಕ್ಕೆ ಗೊತ್ತಾ? ಅಫೀಮಿನ ಜಾತಿಯ ಮದ್ದಿನ ಚಟ ಬಿಡುವವರಿಗೆ ಆಗುವ ಸಂಕಟ ತಗ್ಗಿಸಲು. 2019ರಲ್ಲಿ ಅದೇ ಬಗೆಯ ಇನ್ನೊಂದಕ್ಕೆ, 11ರಿಂದ 18 ವರ್ಷದ ಮಕ್ಕಳ ಒಂದು ಬಗೆಯ ಹೊಟ್ಟೆನೋವಿಗೆ. ಮಂಡಿ ಆಪರೇಷನ್ನಿನ ನೋವಿಗಲ್ಲ. ಆಪರೇಷನ್ ನಂತರದ ನೋವಿಗೆ ಪ್ರಯೋಗಗಳು ನಡೆದಿವೆ, ಸ್ಯಾನ್ ಡಿಯಾಗೋದ ಅನಸ್ತೇಶಿಯಾ ಡಾಕ್ಟರುಗಳೂ ಮಾಡಿದ್ದಾರೆ. ಹೆಚ್ಚಿನವು ಸಣ್ಣ ಪ್ರಯೋಗಗಳು. ಕೆಲವದರಲ್ಲಿ ಒಳ್ಳೆಯ ಫಲ, ಕೆಲವದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಕರೆಂಟೇ ಇಲ್ಲದ ಯಂತ್ರ ಅಂಟಿಸಿದರೂ ಕೆಲವರಿಗೆ ನೋವು ಕಡಿಮೆ ಅನಿಸುತ್ತದೆ. ಅದಕ್ಕೇ ಇದನ್ನು ಅಳೆಯುವುದು ಕಷ್ಟ.

ಶುಗರ್ ಇದ್ದವರಿಗೆ ಐದು ದಿನ ಕಿವಿಯಲ್ಲಿ ಸೂಜಿ ಅಂದರೆ ನನಗೆ ಭಯ. ಕಿವಿಯ ಮೃದು ಎಲುಬಿಗೆ ತನ್ನದೇ ರಕ್ತನಾಳ ಇಲ್ಲ. ಮೇಲಿನ ಪದರದಿಂದಲೇ ಅದಕ್ಕೆ ಪೋಷಣೆ. ಅಲ್ಲಿ ಕೀವಾದರೆ ಮದ್ದು ಸರಿಯಾಗಿ ತಲುಪುವುದಿಲ್ಲ. ಕಿವಿ ಮುದುಡಿದ ಹಾಗೆ ಆಗಿಬಿಡುತ್ತದೆ. ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡು ಹಾಗಾದ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದಿದ್ದಳು.

ಈಗ ನಾನು ನಿಮಗೆ ನಿಜಕ್ಕೂ ಹೇಳಬೇಕಾದ ಮಾತು. ಒಂದು ಪ್ರಶ್ನೆಗೆ ಉತ್ತರ ಕೊಡಿ: ಆಯಿಗೆ ದೇವಿಮನೆ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಆಗುತ್ತದಾ?

ಶಿರಸಿ ಮಗಳು:

ಅಕ್ಕ, ಆಗುತ್ತದೆ! ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಕುಮಟಾಕ್ಕೆ ಹೊರಟರೆ ಕೈಯಲ್ಲಿ ಲಿಂಬೆಹಣ್ಣು, ಚೀಲದಲ್ಲಿ ಪ್ಲಾಸ್ಟಿಕ್ ಕೊಟ್ಟೆ. ಮದುವೆಗೆ ಹೋದರೂ ಘಾಟಿ ಇಳಿದಮೇಲೇ ಹೊಸ ಸೀರೆ ಉಡುತ್ತಿದ್ದಳು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಾರವಾರದ ಓಟಿ ಸಿಸ್ಟರ್:

ತುಂಬಾ ಸಂಬಂಧ ಇದೆ ತಂಗಿ.

ಆಪರೇಷನ್ ಆದಮೇಲೆ ಯಾರಿಗೆ ವಾಂತಿ ಆಗಬಹುದು ಅಂತ ಮೊದಲೇ ಅಂದಾಜು ಮಾಡಲು ಬರುತ್ತದೆ. ಅಪ್ಫೆಲ್ ಅಂತ ಒಬ್ಬ ಡಾಕ್ಟರ್ ಮತ್ತು ಅವರ ಜೊತೆಯವರು 1999ರಲ್ಲಿ ಇದಕ್ಕೆ ಬಹಳ ಸುಲಭದ ಲೆಕ್ಕ ಕೊಟ್ಟರು. ನಾಲ್ಕೇ ವಿಷಯ. ಹೆಂಗಸಾ? ಬೀಡಿ ಸಿಗರೇಟು ಸೇದದವರಾ? ಹಿಂದೆ ಆಪರೇಷನ್ನಿನ ಮೇಲೆ ವಾಂತಿ ಆಗಿತ್ತಾ, ಇಲ್ಲವೇ ಪ್ರಯಾಣದಲ್ಲಿ ವಾಂತಿ ಆಗುತ್ತದಾ? ಆಪರೇಷನ್ ನಂತರ ಮಾರ್ಫಿನ್, ಟ್ರಮಡಾಲ್ ತರಹದ ಅಫೀಮಿನ ಜಾತಿಯ ಮದ್ದು ಕೊಡುವುದಿದೆಯಾ? ಒಂದೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ವಾಂತಿ ಅಥವಾ ಹೊಟ್ಟೆ ತೊಳೆಸುವುದು ಆಗುತ್ತದೆ. ನಾಲ್ಕೂ ಇದ್ದರೆ ಸುಮಾರು 80.

ನಿಮ್ಮ ಆಯಿಗೆ ನಾಲ್ಕೂ ಇತ್ತು. ಆ ರಾತ್ರಿ ಆದದ್ದು "ಇದ್ದಿದ್ದೇ" ಅಲ್ಲ. ಮೊದಲೇ ಕೇಳಿದ್ದರೆ ಗೊತ್ತಾಗುತ್ತಿತ್ತು, ಗೊತ್ತಿದ್ದರೆ ಬಹಳಷ್ಟು ತಪ್ಪಿಸಬಹುದಿತ್ತು. ಈ ಮಾತು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ಬೇಜಾರೂ ಆಗುತ್ತದೆ. ನಾಲ್ಕು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು.

ನಾಲ್ಕರಲ್ಲಿ ಮೂರನ್ನು ಬದಲಿಸಲು ಆಗುವುದಿಲ್ಲ. ನಾಲ್ಕನೆಯದನ್ನು ಬದಲಿಸಬಹುದು. ಕಿವಿಯ ಯಂತ್ರ ಮಾಡಲು ಹೊರಟಿರುವುದೂ ಅದೇ ಕೆಲಸ, ಆ ಜಾತಿಯ ಮದ್ದು ಕಡಿಮೆ ಮಾಡುವುದು. ಅದಕ್ಕೆ ಮಂಗಳೂರಿನಲ್ಲಿ ಈಗಲೇ ಸಿಗುವ ಬೇರೆ ದಾರಿಗಳಿವೆ.

ಆಪರೇಷನ್ನಿಗೆ ಮೊದಲು ಅನಸ್ತೇಶಿಯಾ ಡಾಕ್ಟರ್ ನೋಡುತ್ತಾರೆ. ಅದನ್ನು ಪಿಎಸಿ ಅಂತಾರೆ. ಅವತ್ತು ನೀವು ಜೊತೆಗೇ ಇರಿ. ಆಯಿ ಒಬ್ಬಳೇ ಇದ್ದರೆ "ಎಲ್ಲ ಅಡ್ಡಿಲ್ಲೆ" ಅಂದುಬಿಡುತ್ತಾಳೆ, ನಮ್ಮ ಕಡೆಯ ಹಿರಿಯರೆಲ್ಲ ಹಾಗೇ. ಹನ್ನೊಂದು ಸಲದ ಲೆಕ್ಕ ಹೇಳಿ. ಮದ್ದಿನ ಹೆಸರು ಹೇಳಿ. ಹಳೇ ಡಿಸ್ಚಾರ್ಜ್ ಕಾಗದ ತೆಗೆದುಕೊಂಡು ಹೋಗಿ. ಘಾಟಿಯ ವಿಷಯವನ್ನೂ ಬಿಡಬೇಡಿ. ಆಮೇಲೆ ಕೇಳಿ: ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಬಹುದಾ? ತೊಡೆಯ ನರಕ್ಕೆ ಬ್ಲಾಕ್, ಅಂದರೆ ನರವನ್ನು ಮರಗಟ್ಟಿಸುವ ಮದ್ದು, ಕೊಡುತ್ತೀರಾ? ಒಂದೇ ಸಲದ ಇಂಜೆಕ್ಷನ್ನಾ, ಸಣ್ಣ ಟ್ಯೂಬ್ ಇಟ್ಟು ಎರಡು ಮೂರು ದಿನ ಕೊಡುತ್ತೀರಾ? ಒಂದೇ ಸಲದ್ದಾದರೆ ಒಂದು ದಿನದೊಳಗೆ ಇಳಿದುಬಿಡುತ್ತದೆ, ಆಗಲೇ ನೋವು ಏರುವುದು. ಪ್ಯಾರಾಸಿಟಮಾಲನ್ನು ನೋವು ಬಂದಮೇಲೆ ಕೊಡುವ ಬದಲು ಹೊತ್ತುಹೊತ್ತಿಗೆ ಕೊಡುತ್ತೀರಾ? ವಾಂತಿ ಶುರುವಾಗುವ ಮೊದಲೇ ಆಂಡಾನ್ಸೆಟ್ರಾನ್ ಕೊಡುತ್ತೀರಾ? ವಾಂತಿಗೆ ಡೆಕ್ಸಾಮೆಥಾಸೋನ್ ಕೂಡ ಕೊಡುವುದುಂಟು. ಅದು ಶುಗರ್ ಏರಿಸುತ್ತದೆ, ಅದನ್ನು ನೆನಪಿಸಿ.

ಕಿವಿಯ ಯಂತ್ರದ ಬಗ್ಗೆಯೂ ಕೇಳಿ, ಸಂಕೋಚ ಬೇಡ. ಆದರೆ ಆನ್‌ಲೈನಿನಲ್ಲಿ ತರಿಸಿ, ಹೇಳದೇ ವಾರ್ಡಿನಲ್ಲಿ ಹಾಕಬೇಡಿ.

ಸೂಜಿ ಇಲ್ಲದ ಒಂದು ಉಪಾಯ ಇದೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುವಿನ ಹುರಿಗಳ ನಡುವೆ ಒತ್ತುವುದು. ಗುಂಡಿ ಇರುವ ಪಟ್ಟಿ ಸಿಗುತ್ತದೆ, ಕೈಗೆ ಕಟ್ಟಿಕೊಂಡರಾಯಿತು. ಆಪರೇಷನ್ ನಂತರದ ವಾಂತಿಗೆ ಇದರಿಂದ ಸ್ವಲ್ಪ ಉಪಯೋಗ ಇದೆ ಅಂತ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ವರದಿಯಲ್ಲೇ ಇದೆ. ಖರ್ಚು ಕಡಿಮೆ. ಡಾಕ್ಟರ್ ಒಪ್ಪಿದರೆ ಕಟ್ಟಿ.

ಓಲೆಯನ್ನು ಈಗಲೇ ಬಿಚ್ಚಿಸಿ. ಓಟಿಗೆ ಲೋಹ ಹಾಕಿಕೊಂಡು ಬರುವ ಹಾಗಿಲ್ಲ. ಎಷ್ಟೋ ಅಜ್ಜಿಯರ ಓಲೆಯ ತಿರುಪು ತಿರುಗದೇ ಬೆಳಿಗ್ಗೆ ಏಳು ಗಂಟೆಗೆ ಸಾಬೂನು ಹಚ್ಚಿ ಎಳೆದಾಡಿದ್ದೇವೆ. ಪಾಪ, ಅವರಿಗೆ ನೋವು ಅಲ್ಲಿಂದಲೇ ಶುರು.

ಅಂಕೋಲೆಯಿಂದ:

ಆ ಕ್ಲಿಪ್ಪಿನ ಯಂತ್ರ ನಾನು ತರಿಸಿದ್ದೆ. ಹೋದ ವರ್ಷ ಮೇ ತಿಂಗಳಲ್ಲಿ ಹರ್ನಿಯಾ ಆಪರೇಷನ್ ಆದಾಗ. ಮೂರೂವರೆ ಸಾವಿರ ಕೊಟ್ಟೆ. ಡಾಕ್ಟರರನ್ನು ಕೇಳಿ, ಮನೆಗೆ ಬಂದಮೇಲೆ ಹಾಕಿದ್ದು.

ಕಿವಿಯಲ್ಲಿ ಇರುವೆ ಹರಿದಾಡಿದ ಹಾಗೆ ಜುಮ್ ಅನ್ನುತ್ತದೆ. ದಿನಕ್ಕೆ ಎರಡು ಸಲ, ಅರ್ಧರ್ಧ ತಾಸು. ಹಾಕಿಕೊಂಡಾಗ ನಿದ್ದೆ ಬರುತ್ತಿತ್ತು, ಅದು ನಿಜ. ನೋವು ಅದರಿಂದಲೇ ಇಳಿಯಿತಾ, ದಿನ ಕಳೆದ ಹಾಗೆ ತಾನೇ ಇಳಿಯಿತಾ, ಹೇಳಲಾರೆ. ನಮ್ಮ ಕರಾವಳಿಯ ಸೆಕೆಗೆ ಬೆವರಿ ಬೆವರಿ ಕ್ಲಿಪ್ ಜಾರುತ್ತಿತ್ತು. ನಾಲ್ಕನೇ ದಿನ ಕಿವಿಯ ಗುಳಿ ಕೆಂಪಾಗಿ ತುರಿಕೆ ಬಂತು, ಬಿಟ್ಟುಬಿಟ್ಟೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಗೋಡೆಗೆ ಅಂಟಿಸಿದ ಒಂದು ಕಾಗದ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ಹೆಂಡತಿ ಬರೆದಿದ್ದಳು. ನೋವು ಏರಲು ಬಿಡದೇ ಗಂಟೆ ನೋಡಿ ಕೊಡುತ್ತಿದ್ದಳು. ರಾತ್ರಿ ಎರಡಕ್ಕೆ ಎಬ್ಬಿಸಿ ಕೊಟ್ಟದ್ದೂ ಇದೆ.

ಹೊನ್ನಾವರದ ಸೊಸೆ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮಾವನವರಿಗೆ ಪೇಸ್‌ಮೇಕರ್ ಇದೆ, ಸೊಂಟ ನೋವೂ ಇದೆ. ಈ ಕ್ಲಿಪ್ಪು ಅವರಿಗೆ ಆಗಬಹುದಾ ಅಕ್ಕ?

ಕಾರವಾರದ ಓಟಿ ಸಿಸ್ಟರ್:

ಬೇಡಮ್ಮ. ಪೇಸ್‌ಮೇಕರ್ ಇದ್ದವರು ಇಂಥ ಕರೆಂಟಿನ ಯಂತ್ರದಿಂದ ದೂರ ಇರಬೇಕು. ವೇಗಸ್ ನರ ಹೃದಯದ ಬಡಿತಕ್ಕೂ ಸೇರಿದ್ದು ಅನ್ನುವುದನ್ನು ಮರೆಯಬೇಡಿ. ಅವರ ಹೃದಯದ ಡಾಕ್ಟರನ್ನು ಕೇಳದೇ ಯಾವುದನ್ನೂ ಹಚ್ಚಬೇಡಿ.

ಅಂಕೋಲೆಯವರೇ, ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ. ಆ ಕಾಗದವನ್ನು ಎಲ್ಲ ಮನೆಯಲ್ಲೂ ಅಂಟಿಸಬೇಕು.

ಶಿರಸಿ ಮಗಳು:

ಅಕ್ಕ, ಪಿಎಸಿ ಮುಗಿಸಿ ಬಂದೆವು. ನೀವು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಆಯಿಯನ್ನು "ಹಿಂದಿನ ಆಪರೇಷನ್ನಿನಲ್ಲಿ ಏನಾದರೂ ತೊಂದರೆ?" ಅಂತ ಕೇಳಿದರು. ಆಯಿ "ಎಂತದೂ ಇಲ್ಲೆ" ಅಂದಳು! ಆಗ ನಾನು ನೋಟ್‌ಬುಕ್ ತೆಗೆದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಘಾಟಿಯ ಮಾತು ಬಂದಾಗ "ಒಳ್ಳೇದಾಯ್ತು ಹೇಳಿದ್ದು" ಅಂತ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು.

ಬೆನ್ನಿಗೆ ಇಂಜೆಕ್ಷನ್, ತೊಡೆಗೆ ಬ್ಲಾಕ್, ಅದಕ್ಕೆ ಟ್ಯೂಬ್. ಟ್ರಮಡಾಲ್ ಬೇಡ ಅಂತ ಬರೆದಿದ್ದಾರೆ. ಕಿವಿಯ ಯಂತ್ರದ ಬಗ್ಗೆ ಓದಿದ್ದಾರಂತೆ, ಆದರೆ ಅಲ್ಲಿ ಬಳಸುವುದಿಲ್ಲ. ಶುಗರ್ ಇರುವುದರಿಂದ ಸೂಜಿಯದು ಬೇಡವೇ ಬೇಡ ಅಂದರು. ಕೈಪಟ್ಟಿಗೆ ಒಪ್ಪಿದರು.

ಓಲೆ ಬಿಚ್ಚಿಸಲು ಶಿರಸಿ ಪೇಟೆಯ ಅಕ್ಕಸಾಲಿಗರ ಹತ್ತಿರ ಹೋದೆವು. ತಿರುಪು ಗಟ್ಟಿಯಾಗಿ ಕೂತುಬಿಟ್ಟಿತ್ತು. ಒಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷ ಕಾದು, ಸಣ್ಣ ಚಿಮುಟದಲ್ಲಿ ತಿರುಗಿಸಿದರು. ತಂಗಿಯ ಮದುವೆಯ ನಂತರ ಬಿಚ್ಚಿಯೇ ಇರಲಿಲ್ಲವಂತೆ.

ಶಿರಸಿ ಮಗಳು:

ಆಪರೇಷನ್ ಆಗಿ ಇವತ್ತಿಗೆ ಐದು ದಿನ.

ಮೊದಲ ರಾತ್ರಿ ವಾಂತಿ ಆಗಲಿಲ್ಲ. ಒಂದು ಸಲವೂ ಇಲ್ಲ. ನಾನು ಪಾತ್ರೆ ಹಿಡಿದು ಕೂತೇ ಇದ್ದೆ. ಆಯಿ ಗೊರಕೆ ಹೊಡೆಯುತ್ತಿದ್ದಳು. ಬೆಳಗಿನ ಜಾವ ಎದ್ದು ಕೈಪಟ್ಟಿ ತೋರಿಸಿ "ಬಳೆಗಿಂತ ಬಿಗಿ ಇದ್ದು" ಅಂದಳು, ಅಷ್ಟೇ.

ನೋವೇ ಇರಲಿಲ್ಲ ಅಂತ ಹೇಳಲಾರೆ. ಮೂರನೇ ದಿನ ಟ್ಯೂಬ್ ತೆಗೆದರು. ಆ ರಾತ್ರಿ ಕಷ್ಟವಾಯಿತು. ಮಂಡಿ ಹಲಸಿನಕಾಯಿಯ ಹಾಗೆ ಊದಿತ್ತು. ಐಸ್ ಇಟ್ಟರು, ಬೇರೆ ಮಾತ್ರೆ ಕೊಟ್ಟರು, ಮಧ್ಯರಾತ್ರಿ ಅತ್ತಳು. ಒಂದು ಸಲ ಹೊಟ್ಟೆ ತೊಳೆಸಿತು, ಸಿಸ್ಟರ್ ಕೂಡಲೇ ಬಂದು ಇಂಜೆಕ್ಷನ್ ಕೊಟ್ಟರು. ಅವರಿಗೆ ಫೈಲಿನ ಕೆಂಪು ಅಕ್ಷರ ಗೊತ್ತಿತ್ತು. ನಿನ್ನೆ ವಾಕರ್ ಹಿಡಿದು ಬಾಗಿಲವರೆಗೆ ನಡೆದಳು. ಇವತ್ತು ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕು ಅಂತ ಹಟ. ಓಲೆ ಎಲ್ಲಿಟ್ಟೆ ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ.

ನಾಡಿದ್ದು ಡಿಸ್ಚಾರ್ಜ್. ಕಾರಿನಲ್ಲಿ ಐದಾರು ತಾಸು, ಕೊನೆಗೆ ಅದೇ ಘಾಟಿ. ಏನು ಮಾಡಲಿ ಅಕ್ಕ?

ಕಾರವಾರದ ಓಟಿ ಸಿಸ್ಟರ್:

ಓದಿ ಕಣ್ಣು ತುಂಬಿತು ತಂಗಿ. ಆಯಿಗೆ ನನ್ನ ನಮಸ್ಕಾರ ತಿಳಿಸಿ.

ಡಿಸ್ಚಾರ್ಜ್ ಬರೆಯುವಾಗಲೇ ಪ್ರಯಾಣದ ವಾಂತಿಗೆ ಮಾತ್ರೆ ಕೇಳಿ ಬರೆಸಿಕೊಳ್ಳಿ. ಹೊರಡುವ ಮೊದಲೇ ಕೊಡಬೇಕು, ಘಾಟಿ ಹತ್ತುವಾಗಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟನ್ನು ಪೂರ್ತಿ ಹಿಂದೆ ಸರಿಸಿ ಕಾಲು ಚಾಚಲು ಬಿಡಿ. ತಾಸಿಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಮನೆಗೆ ಹೋಗದೇ ಹತ್ತಿರದ ಆಸ್ಪತ್ರೆಗೆ ತಿರುಗಿಸಿ. ಕುಮಟಾದಲ್ಲಿ ಸ್ವಲ್ಪ ಹೊತ್ತು ತಡೆದು, ಹೊಟ್ಟೆಗೆ ಹಗುರವಾಗಿ ಏನಾದರೂ ಕೊಟ್ಟು ಘಾಟಿ ಹತ್ತಿಸಿ. ಕೈಪಟ್ಟಿ ಕೈಯಲ್ಲೇ ಇರಲಿ. ಲಿಂಬೆಹಣ್ಣೂ ಇರಲಿ.